ಮಡಿಲಲ್ಲಿಟ್ಟ ಕೈಗಳು

ಸೆಪ್ಟೆಂಬರ್ ೯, ಬೆಳಿಗ್ಗೆ, ಶಿಫ್ಟಿಗೆ ಮುಂಚೆ

ಗುಬ್ಬಿಯ ಶೂ ಇವತ್ತೂ ಒಂದೇ ಸಿಕ್ಕಿತು. ಇನ್ನೊಂದು ಬಕೆಟ್ಟಿನೊಳಗೆ. ಯಾರು ಹಾಕಿದ್ದು ಅಂದರೆ ಯಾರೂ ಹಾಕಿಲ್ಲವಂತೆ, ಶೂ ತಾನೇ ಹೋಯಿತಂತೆ. ಮನೆಯಲ್ಲಿ ಇವಳ ಬಾಯಿ ಬೀದಿಗೆಲ್ಲ ಹಂಚಿದರೂ ಮಿಗುತ್ತದೆ. ಶಾಲೆಯ ಗೇಟು ದಾಟಿದರೆ ಬೀಗ, ಅಲ್ಲಿ ನಡೆಯುವುದು ಊರಿನ ಮಾತು, ನಮ್ಮದಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ ಈ ಊರಿನವರು. ಹಾಗಾದರೆ ಒಂದನೇ ಕ್ಲಾಸಿನಲ್ಲಿ ನನ್ನ ಮಗಳು ಬಂಗಾರದ ಗಣಿ.

ನಿನ್ನೆ ಕ್ಲಾಸ್ ಟೀಚರ್ ಕರೆಸಿದ್ದರು. ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿದರು, ನೀರು ಕೊಟ್ಟರು.

"ನಿಮ್ಮ ಬೀದಿ ಮಕ್ಕಳು ಒಬ್ರೂ ಕೈ ಎತ್ತಲ್ಲ ಕಣ್ರೀ. ಗೊತ್ತಿದ್ದೂ ಎತ್ತಲ್ವೋ, ಗೊತ್ತೇ ಇಲ್ವೋ, ನಂಗೆ ಹೇಗೆ ತಿಳೀಬೇಕು? ನಮ್ಮ ಮಾತಲ್ಲಿ ಕೇಳಿದ್ರೆ ಮುಖ ನೋಡ್ತಾಳೆ, ಅಷ್ಟೇ. ಹೀಗೇ ಇದ್ರೆ ವರ್ಷದ ಕೊನೇಲಿ ಆ ಶಾಲೆಗೆ ಬರೆದು ಕಳಿಸ್ಬೇಕಾಗತ್ತೆ."

ಆ ಶಾಲೆ ಅಂದರೆ ನಿಧಾನವಾಗಿ ಕಲಿಯುವವರ ಶಾಲೆ. ಊರಿನ ಆಚೆ ತುದಿ, ಬಸ್ಸು ಬದಲಿಸಿ ಹೋಗಬೇಕು. ದಾರಿ ನನಗೆ ಚೆನ್ನಾಗಿ ಗೊತ್ತು. ನಾನೂ ಅಲ್ಲೇ ಓದಿದವಳು. ಮಣಿ ಪೋಣಿಸುವುದು, ಟವೆಲ್ ಮಡಿಸುವುದು ಹೇಳಿಕೊಟ್ಟರು. ಈಗಲೂ ಮಡಿಸುತ್ತಿದ್ದೇನೆ — ಲಾಂಡ್ರಿಯಲ್ಲಿ, ಆಸ್ಪತ್ರೆಯ ಚಾದರ. ಓದು ಬಂದದ್ದು ಆಮೇಲೆ, ಚಾದರದ ಮೂಲೆಯ ಮುದ್ರೆ ನೋಡಿ ನೋಡಿ. ಹೆರಿಗೆ. ಮೂಳೆ. ಮಕ್ಕಳು. ಸುಟ್ಟಗಾಯ. ನನ್ನ ಅಕ್ಷರಮಾಲೆ ಅದು.

ನಮ್ಮವರು ಕೈ ಯಾಕೆ ಎತ್ತುವುದಿಲ್ಲ ಅಂತ ಟೀಚರಿಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ. ತಾಯಿಯಂತೆ ಮಗಳು, ಇನ್ನೇನು.


ಸೆಪ್ಟೆಂಬರ್ ೧೦, ಊಟದ ಬಿಡುವು

ಅವರಿಗೆ ಹೇಳದ್ದನ್ನು ಇಲ್ಲಾದರೂ ಬರೆದಿಡೋಣ.

ನಮ್ಮ ಬೀದಿಯವರೆಲ್ಲ ದುಡಿಯುವ ಲಾಂಡ್ರಿಯಲ್ಲಿ, ಚಾದರ ಒತ್ತುವ ರೋಲರ್ ಓಡುವಾಗ ಪಕ್ಕದವಳು ಕಿರುಚಿದರೂ ಕೇಳಿಸದು. ಅದಕ್ಕೇ ಒಂದು ಕಟ್ಟಳೆ. ಯಾರದೇ ಕೈ ತಲೆಯ ಮೇಲೆ ಎದ್ದರೆ — ಮೆಷಿನ್ ನಿಲ್ಲಿಸು, ಯಾರೋ ಸಿಕ್ಕಿಕೊಂಡಿದ್ದಾರೆ. ಸ್ವಿಚ್ಚಿನ ಹತ್ತಿರ ಇದ್ದವರು ಮೊದಲು ಆರಿಸುತ್ತಾರೆ, ಆಮೇಲೆ ಎಲ್ಲರೂ ಕೇಳುತ್ತಾರೆ, "ಏನಾಯ್ತು?" ಉತ್ತರ ಬರುವ ತನಕ ಯಾರೂ ಕದಲುವುದಿಲ್ಲ. ಅಜ್ಜಿಯರ ಕಾಲದಿಂದ ನಡೆದು ಬಂದದ್ದು. ಬೀದಿಯ ಪಂಚಾಯಿತಿಯಲ್ಲೂ ಹಾಗೇ. ಒಪ್ಪಿಗೆ ಇದ್ದರೆ ಕೈ ಮಡಿಲಲ್ಲಿ, ಸುಮ್ಮನೆ ಕೂರುವುದು. ತಕರಾರು ಇದ್ದರೆ ಕೈ ಎತ್ತುವುದು. ಮಕ್ಕಳು ಆಟಕ್ಕೆ ಎತ್ತಿದರೂ ಮೊಣಕೈ ಮೇಲೆ ಒಂದು ಏಟು ಬೀಳುತ್ತದೆ. ನನಗೂ ಬಿದ್ದಿದೆ. ಗುಬ್ಬಿಗೆ ನಾನೂ ಕೊಟ್ಟಿದ್ದೇನೆ.


ಸೆಪ್ಟೆಂಬರ್ ೧೯, ಸಂಜೆ

ಶಾಲೆಗೆ ಹೊಸಬರು ಬಂದಿದ್ದಾರೆ! ನಮ್ಮವರೇ, ಬೇರೆ ನಗರದಲ್ಲಿ ಓದಿದ ಹುಡುಗಿ. ಮಧ್ಯಾಹ್ನ ಒಂದು ಗಂಟೆ ನಮ್ಮ ಮಕ್ಕಳಿಗೆ ನಮ್ಮ ಮಾತಿನಲ್ಲೇ ಪಾಠ, ಆಮೇಲೆ ಅದನ್ನೇ ಊರಿನ ಮಾತಿನಲ್ಲಿ. ಸದ್ಯಕ್ಕೆ ಪ್ರಯೋಗವಂತೆ. ಮಕ್ಕಳು ಅವರಿಗೆ ಮಧ್ಯಾಹ್ನದ ಟೀಚರ್ ಅಂತ ಹೆಸರಿಟ್ಟಾಗಿದೆ.

ಗುಬ್ಬಿ ಶೂ ಬಿಚ್ಚುವ ಮೊದಲೇ ಶುರು ಮಾಡಿದಳು.

"ಗೊತ್ತಿದ್ರೆ ಕೈ ಎತ್ತಬೇಡಿ, ಬೆಂಚಿನ ಮೇಲೆ ಇಡಿ ಅಂದ್ರಮ್ಮ ಟೀಚರ್. ನಾನು ಎರಡೂ ಕೈ ಇಟ್ಟೆ."

"ಎರಡ್ಯಾಕೆ?"

"ಜಾಸ್ತಿ ಗೊತ್ತಿತ್ತು."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ಉಜ್ಜಿದೆ. ಖುಷಿ ಆದರೆ ನನಗೆ ಅಳು ಬರುತ್ತದೆ, ಕೆಟ್ಟ ಅಭ್ಯಾಸ.


ಅಕ್ಟೋಬರ್ ೫, ಭಾನುವಾರ

ಅಡುಗೆಮನೆ ಕಿಟಕಿಗೆ ಆವಿ ಹಿಡಿದಿತ್ತು. ಗುಬ್ಬಿ ಅದರ ಮೇಲೆ ಬೆರಳಿಂದ ಬರೆದಳು. ನಮ್ಮ ಮಾತಿನ ಅಕ್ಷರ. ಒಂದು ಕೊಕ್ಕೆಯ ಹಾಗೆ, ಒಂದು ಬೆನ್ನು ಬಾಗಿದ ಹಾಗೆ. ನಮ್ಮ ಮಾತಿಗೆ ಅಕ್ಷರ ಇದೆ ಅಂತ ಗೊತ್ತಿತ್ತು. ನೋಡಿದ್ದು ಮೊದಲ ಸಲ. ಬಿಸಿಲು ಬಂದು ಒರೆಸಿಬಿಟ್ಟಿತು.

ಈ ಡೈರಿ ಬರೆಯುವುದೂ ಊರಿನ ಮಾತಿನಲ್ಲೇ, ಬೇರೆ ಬರುವುದಿಲ್ಲವಲ್ಲ. ಅತ್ತೆ ನಮ್ಮ ಮಾತಿನಲ್ಲಿ ಬೈದದ್ದನ್ನು ಇಲ್ಲಿ ಬರೆದರೆ ಬೈಗುಳ ಇರುತ್ತದೆ, ಅತ್ತೆ ಇರುವುದಿಲ್ಲ. ಅಮ್ಮ ಅಂತೂ... ಅಮ್ಮನನ್ನು ನಾನು ಕರೆಯುತ್ತಿದ್ದ ಪದ ಈ ಅಕ್ಷರಗಳಲ್ಲಿ ಬರೆದು ನೋಡಿದೆ. ಯಾರದೋ ಅಮ್ಮ. ಹೊಡೆದು ಹಾಕಿದೆ.

ಅವಳು ಹೋದ ಮೇಲೆ ಆ ಪದವನ್ನು ಜೋರಾಗಿ ಹೇಳಲು ಒಂದು ಕಾರಣವೂ ಉಳಿದಿಲ್ಲ. ಕರೆಯುವುದು ಯಾರನ್ನು? ಕೆಲವು ಸಲ ರೋಲರ್ ಓಡುವಾಗ ಹೇಳುತ್ತೇನೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸದು.

ಗುಬ್ಬಿಯನ್ನು ಕೇಳಿದೆ, ಅದನ್ನು ಬರೆದು ತೋರಿಸೆ ಅಂತ. ತಲೆ ಕೆರೆದುಕೊಂಡಳು.

"ಅದರ ಮೊದಲನೇ ಅಕ್ಷರ ಇನ್ನೂ ಬಂದಿಲ್ಲಮ್ಮ. ಟೀಚರ್ ಇನ್ನೂ ಕೊಟ್ಟಿಲ್ಲ."

ಕೊಡಲಿ. ಕಾಯುತ್ತೇನೆ. ಆ ಪದ ಅದರದೇ ಬಟ್ಟೆಯಲ್ಲಿ ಹೇಗೆ ಕಾಣುತ್ತದೆ ಅಂತ ಒಮ್ಮೆ ನೋಡಬೇಕು.


ಅಕ್ಟೋಬರ್ ೧೭, ಬೆಳಿಗ್ಗೆ

ಇವತ್ತು ಸಂಜೆ ವಾರ್ಡ್ ಸಮಿತಿಯ ಸಭೆ. ಮಧ್ಯಾಹ್ನದ ಟೀಚರ್ ಇರಬೇಕೋ ಬೇಡವೋ ಅಂತ ತಂದೆತಾಯಿಯರೇ ಹೇಳಬೇಕಂತೆ. ಮುಂದುವರಿದರೆ ಮೂರು ವರ್ಷ. ಇಲ್ಲದಿದ್ದರೆ ನವೆಂಬರಿಗೆ ಮುಗಿಯಿತು. ಇನ್ನೇನು ಹೇಳುವುದು, ಬೀದಿಗೆ ಬೀದಿಯೇ ಹೊರಟಿದೆ. ಅತ್ತೆ ನಿನ್ನೆಯೇ ಸೀರೆ ಇಸ್ತ್ರಿ ಮಾಡಿದರು, ಇವರು ಲಾಂಡ್ರಿಯ ವ್ಯಾನ್ ಕೇಳಿ ತಂದಿದ್ದಾರೆ. ಬಟ್ಟೆ ಗಂಟುಗಳ ಜಾಗದಲ್ಲಿ ನಾವು.


ಅಕ್ಟೋಬರ್ ೧೭, ಸಭೆಯಿಂದ ಬಂದು

ಹೊರಗೆ ಎಲ್ಲರೂ ಹರಟುತ್ತಿದ್ದಾರೆ. ಲಾಂಡ್ರಿಯಲ್ಲಿ ನನ್ನ ಜೊತೆ ದುಡಿಯುವ ದಪ್ಪಕ್ಕ ಗುಬ್ಬಿಯನ್ನು ಎತ್ತಿಕೊಂಡು ಕುಣಿಸುತ್ತಿದ್ದಾಳೆ. ಎಲ್ಲರಿಗೂ ಗೆದ್ದೆವು ಅಂತ. ನಾನೊಬ್ಬಳೇ ಒಳಗೆ.

ದೊಡ್ಡ ಹಾಲ್. ವೇದಿಕೆ ಮೇಲೆ ಅಧ್ಯಕ್ಷರು, ಮೈಕು. ಅವರ ಮಾತು ಓಡುವ ಬಸ್ಸು, ನಮ್ಮವರಲ್ಲಿ ಹತ್ತಿದವರು ಕಡಿಮೆ. "ಈ ಪಾಠ ಮುಂದುವರೀಬೇಕು ಅನ್ನೋರು ಕೈ ಎತ್ತಿ" ಅಂದರು.

ಒಂದು ಕೈಯೂ ಏಳಲಿಲ್ಲ. ನಮ್ಮವರೆಲ್ಲ ನೆಟ್ಟಗೆ ಕೂತಿದ್ದರು. ಕೈ ಮಡಿಲಲ್ಲಿ, ಮುಖ ಅರಳಿಸಿಕೊಂಡು. ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ. ಬೀದಿಯ ಅಷ್ಟೂ ಜನರ ಒಪ್ಪಿಗೆ ಅಲ್ಲಿ ಮಡಿಲಲ್ಲಿ ಕೂತಿತ್ತು.

"ಬೇಡ ಅನ್ನೋರು?"

ಹಿಂದಿನ ಸಾಲಿನಲ್ಲಿ ಬೇರೆ ಬೀದಿಯ ಕೆಲವರು ಎತ್ತಿದರು. ನಮ್ಮವರು ತಿರುಗಿ ನೋಡಿದರು, ಪಾಪ ಅವರಿಗೆ ಏನಾಗಿದೆಯೋ, ಈಗ ಯಾರಾದರೂ ಕೇಳುತ್ತಾರೆ ಅಂತ ಕಾದರು. ಯಾರೂ ಕೇಳಲಿಲ್ಲ.

"ಪೋಷಕರಿಗೇ ಬೇಡ ಅಂದ್ಮೇಲೆ ನಾವೇನು ಮಾಡೋಕಾಗತ್ತೆ? ಮುಂದಿನ ವಿಷಯ."

ಮುಂದಿನ ವಿಷಯ ಬೀದಿ ದೀಪ.

ನನಗೆ ಅರ್ಥವಾಗಿತ್ತು. ಒಂದೊಂದು ಪದವೂ ಅರ್ಥವಾಗಿತ್ತು. ಕೈಗೆ ಅರ್ಥವಾಗಲಿಲ್ಲ. ಎತ್ತು, ಎತ್ತು ಅಂತ ಒಳಗೆ ಕೂಗಿಕೊಂಡೆ, ಅದು ಮಡಿಲಲ್ಲಿ ಕಲ್ಲಾಗಿ ಕೂತಿತ್ತು. ಮೌನ ಸಮ್ಮತಿ ಲಕ್ಷಣ ಅನ್ನುವ ಗಾದೆ ಈ ಊರಿನವರದೇ. ಅವರೇ ಮರೆತುಬಿಟ್ಟರು.

ಹೊರಗೆ ಹೋಗಿ ಹೇಳಬೇಕು. ಇನ್ನೊಂದು ಐದು ನಿಮಿಷ ನಗಲಿ.


ಅಕ್ಟೋಬರ್ ೧೮

ಹೇಳಿದೆ. ಯಾರೂ ನಂಬಲಿಲ್ಲ. ಆಮೇಲೆ ನಂಬಿದರು. ಅತ್ತೆ ಕೇಳಿದ್ದು ಒಂದೇ.

"ಕೈ ಎತ್ತಿದೋರನ್ನ ಏನಾಯ್ತು ಅಂತ ಒಬ್ರೂ ಕೇಳ್ಲಿಲ್ವಲ್ಲೇ. ಅದೆಂಥ ಸಭೆ?"


ನವೆಂಬರ್ ೨೯

ಬರೆಯಲು ಮನಸ್ಸಾಗಿರಲಿಲ್ಲ.

ಇವತ್ತು ಮಧ್ಯಾಹ್ನದ ಟೀಚರನ್ನು ಬಸ್ ಹತ್ತಿಸಿ ಬಂದೆವು. ಬೇರೆ ನಗರದಲ್ಲಿ ಕೆಲಸ ಸಿಕ್ಕಿದೆ. ಒಂದೇ ಸೂಟ್‌ಕೇಸ್. ಮಕ್ಕಳು ಸಾಲಾಗಿ ನಿಂತಿದ್ದರು. ಬಸ್ ಹೊರಟಾಗ ಟಾಟಾ ಮಾಡಲು ಯಾರಿಗೂ ಕೈ ಏಳದು, ಅದು ನಮ್ಮಲ್ಲಿ ಇಲ್ಲ. ಬಸ್ಸಿನ ಮೈಮೇಲೆ ಅಂಗೈ ಇಟ್ಟರು, ಅದು ಜಾರಿಕೊಂಡು ಹೋಗುವ ತನಕ. ಡ್ರೈವರ್ ಬೈದ. ಟೀಚರ್ ಒಳಗಿಂದ ಗಾಜಿಗೆ ಅಂಗೈ ಇಟ್ಟಿದ್ದರು.

ಗುಬ್ಬಿ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು. "ಆ ಅಕ್ಷರ ಈಗ ಯಾರು ಕೊಡ್ತಾರೆ?"

ಅವರನ್ನೇ ಕೇಳಿ ಬರೆಸಿಕೊಳ್ಳಬಹುದಿತ್ತು. ಹೊಳೆಯಲೇ ಇಲ್ಲ, ಬಸ್ ಹೋದ ಮೇಲೆ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.


ಡಿಸೆಂಬರ್ ೮, ಊಟದ ಬಿಡುವು

ಗುಬ್ಬಿ ಈಗ ಮನೆಯಲ್ಲೂ ಕಡಿಮೆ ಮಾತಾಡುತ್ತಾಳೆ. ಶೂ ಎರಡೂ ಬಾಗಿಲ ಬಳಿ ಜೋಡಿಸಿ ಇಟ್ಟಿರುತ್ತವೆ. ಬಕೆಟ್ಟಿನಲ್ಲಿ ಹುಡುಕುವ ಕೆಲಸ ಇಲ್ಲ. ಆದರೂ ದಿನಾ ಒಮ್ಮೆ ಇಣುಕಿ ನೋಡುತ್ತೇನೆ.

ಕ್ಲಾಸ್ ಟೀಚರ್ ಮತ್ತೆ ಕರೆಸಿದ್ದರು. ಅವರೇ ದಾರಿ ಹೇಳಿದರು, "ವಾರ್ಡ್ ಆಫೀಸಿಗೆ ಹೋಗಿ ಕೇಳಿ ನೋಡಿ" ಅಂತ. ಮೊನ್ನೆ ಅರ್ಧ ದಿನ ರಜೆ ಹಾಕಿ ಹೋದೆ. ಗುಮಾಸ್ತ ಕನ್ನಡಕ ಹಣೆಗೇರಿಸಿದ.

"ಸಮಿತೀಲಿ ನಿಮ್ಮ ಬೀದಿಗೆ ಒಂದು ಕುರ್ಚಿ ಇದೆಯಮ್ಮ. ಯಾವತ್ತಿಂದಾನೂ ಇದೆ. ಯಾರೂ ಬಂದು ಕೂರ್ಲಿಲ್ಲ. ಅದರಲ್ಲಿ ಕೂತೋರು ಕೇಳಿದ್ರೆ ಮುಗಿದ ವಿಷಯಾನೂ ಮತ್ತೆ ತೆಗೀಬಹುದು."

"ನಮಗೆ ಯಾರೂ ಹೇಳಿಲ್ವಲ್ಲ?"

"ಬೋರ್ಡಲ್ಲಿ ಹಾಕಿದ್ವಲ್ಲ."

"ಯಾವ ಮಾತಲ್ಲಿ?"

ಕನ್ನಡಕ ಕೆಳಗಿಳಿಸಿದ. ಆ ಕುರ್ಚಿ ತೋರಿಸಿ ಅಂದೆ. ನಗುತ್ತಲೇ ಹಾಲ್ ಬಾಗಿಲು ತೆರೆದ. ವೇದಿಕೆಯ ಎಡಕ್ಕೆ, ಕೊನೆಯದು. ಅದರ ಮೇಲೆ ಯಾರೋ ಟೇಬಲ್ ಫ್ಯಾನ್ ಇಟ್ಟಿದ್ದರು.

ಹೆಸರು ಕೊಟ್ಟು ಬಂದೆ. ಆರಿಸುವುದು ಜನವರಿಯ ಸಭೆಯಲ್ಲಿ. ಹೇಗೆ ಅಂದರೆ — ಕೈ ಎತ್ತಿ.


ಡಿಸೆಂಬರ್ ೧೦

ಇವರಿಗೆ ಹೇಳಿದೆ. ವ್ಯಾನ್ ತೊಳೆಯುತ್ತಿದ್ದವರು ಪೈಪ್ ಹಿಡಿದೇ ನಿಂತರು.

"ಮನೇಲಿ ಅಧ್ಯಕ್ಷೆ ಆಗಿರೋದು ಸಾಲ್ದಾ ನಿಂಗೆ?"

"ಮನೇಲಿ ಪ್ರಜೆಗಳು ಮಾತು ಕೇಳಲ್ಲ, ಅದಕ್ಕೇ."

ನಕ್ಕರು. ಆಮೇಲೆ ಮೆಲ್ಲಗೆ, "ಕೂತ್ಕೋ. ಆ ಕುರ್ಚಿ ಮೇಲೆ ಫ್ಯಾನ್‌ಗಿಂತ ನೀನು ಚೆನ್ನಾಗಿ ಕಾಣ್ತೀಯ" ಅಂದರು. ಮದುವೆಯಾದ ಮೇಲೆ ಇಷ್ಟು ಒಳ್ಳೆಯ ಮಾತು ಆಡಿದ್ದು ನೆನಪಿಲ್ಲ.


ಡಿಸೆಂಬರ್ ೨೧, ಭಾನುವಾರ

ಅಂಗಳದಲ್ಲಿ ಅಭ್ಯಾಸ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ನಾನು ಕಲ್ಲಿನ ಮೇಲೆ ನಿಂತು "ಎತ್ತಿ" ಅನ್ನುವುದು, ಅವರು ಎತ್ತುವುದು. ಎತ್ತುತ್ತಾರೆ ಅಂದರೆ ಏನು — ಭುಜದ ತನಕ ಬಂದು ನಿಲ್ಲುತ್ತದೆ. ಕೆಲವರು ತಲೆ ಕೆರೆದುಕೊಳ್ಳುತ್ತಾರೆ. ಒಬ್ಬ ಮುದುಕ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿದ. ನಕ್ಕು ನಕ್ಕು ಸಾಕಾಯಿತು.

ದಪ್ಪಕ್ಕನಿಗೆ ಉತ್ಸಾಹ ಹೆಚ್ಚು. ಲಾಂಡ್ರಿಯಲ್ಲೂ ಅಭ್ಯಾಸ ಮಾಡಿದಳಂತೆ. ಮೆಷಿನ್ನೆಲ್ಲ ನಿಂತು, ಸೂಪರ್‌ವೈಸರ್ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದು "ಏನಾಯ್ತು?" ಅಂದರೆ ಇವಳು, "ಏನಿಲ್ಲ ಸಾರ್, ಚುನಾವಣೆ."

ಅತ್ತೆ ಮಾತ್ರ ಬಾಗಿಲಲ್ಲೇ ಕೂತಿದ್ದರು. ಕರೆದರೆ ಬರಲಿಲ್ಲ.

"ನೀವೆಲ್ಲ ಎತ್ತಿ. ನನ್ನ ಕೇಳ್ಬೇಡ."

ಕೇಳುವುದಿಲ್ಲ. ಗೊತ್ತಿದ್ದೂ ಕರೆದದ್ದೇ ತಪ್ಪು. ಅತ್ತೆಗೆ ಒಬ್ಬಳು ತಂಗಿ ಇದ್ದಳು. ಇಬ್ಬರೂ ಒಂದೇ ರೋಲರಿನಲ್ಲಿ, ಎದುರು ಬದುರು. ತಂಗಿಯ ತೋಳು ಚಾದರದ ಜೊತೆ ಒಳಗೆ ಹೋದ ದಿನ ಅತ್ತೆ ಕೈ ಎತ್ತಿದರು. ಸ್ವಿಚ್ಚಿನ ಹತ್ತಿರ ಇದ್ದ ಹೊಸಬ ಊರಿನವನು. ಅವನಿಗೆ ಆ ಕೈ ಏನು ಅಂತ ಗೊತ್ತಿರಲಿಲ್ಲ. ಅವನೂ ನಗುತ್ತಾ ಕೈ ಎತ್ತಿ ಬೀಸಿದನಂತೆ.

ಆ ಮೇಲೆ ಅತ್ತೆಯ ಕೈ ಎದೆಯ ಮಟ್ಟ ದಾಟಿದ್ದನ್ನು ನಾನು ನೋಡಿಲ್ಲ. ಮೇಲಿನ ಗೂಡಿನ ಡಬ್ಬಿ ಬೇಕಾದರೂ ಸ್ಟೂಲ್ ಹಾಕಿಕೊಂಡು ಹತ್ತುತ್ತಾರೆ.


ಜನವರಿ ೧೬, ಬೆಳಿಗ್ಗೆ

ಸಂಜೆ ಸಭೆ. ಗುಬ್ಬಿ ಇವತ್ತು ಶಾಲೆಗೆ ಹೋಗಲ್ಲ ಅಂದಳು. ಅಳಲಿಲ್ಲ, ಹಟ ಮಾಡಲಿಲ್ಲ. ಹೋಗಿ ಏನು ಮಾಡಲಿ ಅಂತ ಕೇಳಿದಳು, ದೊಡ್ಡವರ ಹಾಗೆ. ಅಮ್ಮ ಇದ್ದಿದ್ದರೆ ಅವಳನ್ನೇ ಕೇಳುತ್ತಿದ್ದೆ, ಏನು ಉತ್ತರ ಕೊಡಲಿ ಅಂತ. ಇವತ್ತು ಅಮ್ಮ ಬೇಕಿತ್ತು.


ಜನವರಿ ೧೭, ಬೆಳಿಗ್ಗೆ

ರಜೆ ಹಾಕಿದ್ದೇನೆ. ಎಲ್ಲ ಬರೆದಿಡುವ ಅವಸರದಲ್ಲಿ ಅಕ್ಷರ ಸೊಟ್ಟ. ಇರಲಿ.

ನನ್ನನ್ನು ವೇದಿಕೆ ಮೇಲೆ ನಿಲ್ಲಿಸಿದರು. ಹೆಸರು ಓದಿದರು. ಅಧ್ಯಕ್ಷರು ಗಡಿಯಾರ ನೋಡಿಕೊಂಡು, "ಇವರು ಆಗಬಹುದು ಅನ್ನೋರು ಕೈ ಎತ್ತಿ" ಅಂದರು.

ಏಳಲಿಲ್ಲ.

ಅಷ್ಟು ಅಭ್ಯಾಸ ಮಾಡಿದ್ದು ನೀರಲ್ಲಿ ಹೋಮವಾಯಿತು. ಮೇಲಿನಿಂದ ನೋಡುತ್ತಿದ್ದೆ — ದಪ್ಪಕ್ಕನ ಕೈ ಮಡಿಲಲ್ಲಿ ಸೆರಗು ಹಿಂಡುತ್ತಿತ್ತು. ಇವರ ಕೈ ಮೊಣಕಾಲು ಹಿಡಿದುಕೊಂಡಿತ್ತು. ಅಂಗಳದಲ್ಲಿ ಅದು ಆಟ. ಇಲ್ಲಿ ದೊಡ್ಡ ಹಾಲ್, ತಲೆ ಮೇಲೆ ಗುಂಯ್ ಅನ್ನುವ ಫ್ಯಾನುಗಳು, ಅಪರಿಚಿತ ಮುಖಗಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಕ್ಷಮಿಸು ಅನ್ನುವ ಹಾಗೆ. ನನ್ನ ಕಣ್ಣು ತುಂಬಿ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ.

"ಯಾರೂ ಇಲ್ವಾ? ಹಾಗಾದ್ರೆ..." ಅಧ್ಯಕ್ಷರು ಕಾಗದ ತಿರುವಿದರು.

ಆಗ ಅತ್ತೆಯ ಕೈ ಎದ್ದಿತು.

ಮೆಲ್ಲಗೆ ಅಲ್ಲ. ಒಂದೇ ಸಲಕ್ಕೆ, ನೆಟ್ಟಗೆ, ತಲೆಯ ಮೇಲೆ. ಬಳೆ ಮೊಣಕೈಗೆ ಜಾರಿತು. ನಮ್ಮವರೆಲ್ಲ ಒಂದೇ ಏಟಿಗೆ ಎದ್ದು ನಿಂತರು, ಕುರ್ಚಿಗಳು ಬಿದ್ದವು. ಯಾರೋ ಓಡಿ ಹೋಗಿ ಗೋಡೆಯ ಸ್ವಿಚ್ ಆರಿಸಿದರು. ಫ್ಯಾನು, ಮೈಕು ಎಲ್ಲ ನಿಂತವು. ಆ ಮೌನದಲ್ಲಿ ಇಡೀ ಬೀದಿ ಒಟ್ಟಿಗೆ ಕೇಳಿತು, ನಮ್ಮ ಮಾತಿನಲ್ಲಿ, ಆ ಹಾಲ್‌ನಲ್ಲಿ ಮೊದಲ ಸಲ —

"ಏನಾಯ್ತು?"

ಅತ್ತೆ ಕೈ ಇಳಿಸಲಿಲ್ಲ.

"ನಿಲ್ಸಿ. ಮಗು ಸಿಕ್ಕಾಕ್ಕೊಂಡಿದೆ."

ಆ ಮೇಲೆ ಕೈಗಳು ಎದ್ದವು. ದಪ್ಪಕ್ಕ, ಇವರು, ಎಡಗೈಯಿಂದ ಬಲಗೈ ಎತ್ತುವ ಮುದುಕ. ಒಬ್ಬರ ಕಣ್ಣೂ ಒಣಗಿರಲಿಲ್ಲ. ಹಿಂದಿನ ಸಾಲಿನಲ್ಲಿ ಕ್ಲಾಸ್ ಟೀಚರ್ ಕೂತಿದ್ದರು. ಅವರ ಕೈಯೂ ಎದ್ದಿತ್ತು.

ಅಧ್ಯಕ್ಷರು ಗಾಬರಿಯಾಗಿ ನನ್ನ ಕಡೆ ತಿರುಗಿದರು. "ಏನು ಹೇಳಿದ್ರು ಆಯಮ್ಮ?"

ಸಮಿತಿಯ ಸದಸ್ಯೆಯಾಗಿ ನನ್ನ ಮೊದಲ ಕೆಲಸ ಅದು. ಅತ್ತೆಯ ಮಾತನ್ನು ಊರಿನ ಮಾತಿನಲ್ಲಿ ಹೇಳಿದೆ. ಮೈಕಿಲ್ಲದೆ. ಆಮೇಲೆ ಕೈ ಅಂದರೆ ನಮ್ಮಲ್ಲಿ ಏನು ಅನ್ನುವುದನ್ನೂ ಹೇಳಿದೆ, ಸೆಪ್ಟೆಂಬರಿನಲ್ಲಿ ಕ್ಲಾಸ್ ಟೀಚರಿಗೆ ಹೇಳದೆ ಉಳಿದದ್ದನ್ನು. ಅಧ್ಯಕ್ಷರು ತಿರುವಿದ್ದ ಕಾಗದವನ್ನು ಹಿಂದಕ್ಕೆ ತಿರುವಿದರು. ಹಳೆಯ ವಿಷಯ ಮತ್ತೆ ತೆಗೆದರು.

ಮನೆಗೆ ಬರುವಾಗ ವ್ಯಾನಿನಲ್ಲಿ ಅತ್ತೆ ನನ್ನ ಭುಜಕ್ಕೆ ಒರಗಿದ್ದರು. ತೋಳು ನೋಯುತ್ತಾ ಅಂದೆ. "ಆವತ್ತು ನೋಯ್ತಿತ್ತು" ಅಂದರು.


ಫೆಬ್ರುವರಿ ೬

ಪಾಠ ಮತ್ತೆ ಶುರು. ಬಂದದ್ದು ಆ ಹುಡುಗಿ ಅಲ್ಲ, ಅವರು ಅಲ್ಲಿನ ಕೆಲಸ ಬಿಟ್ಟು ಬರುವಂತಿಲ್ಲ. ಒಬ್ಬ ಕೆಮ್ಮುವ ಮೇಷ್ಟ್ರು. ಗುಬ್ಬಿಯ ಮುಖ ಊದಿಕೊಂಡಿದೆ. "ಅವರ ಅಕ್ಷರ ದಪ್ಪ" ಅಂತ ದೂರು. ಬಸ್ಸು ಬದಲಿಸಿ ಹೋಗುವ ಆ ಶಾಲೆಯ ಮಾತನ್ನು ಕ್ಲಾಸ್ ಟೀಚರ್ ಈಗ ಎತ್ತುತ್ತಿಲ್ಲ, ವರ್ಷದ ಕೊನೆಗೆ ನೋಡೋಣ ಅಂದರು. ನನಗೂ ಆ ಹುಡುಗಿಯ ನೆನಪಾಗುತ್ತದೆ. ಬಸ್ಸಿನ ಗಾಜಿನ ಮೇಲಿನ ಅಂಗೈ.


ಫೆಬ್ರುವರಿ ೧೯, ಸಂಜೆ

ಸಮಿತಿಯ ಸಭೆಗೆ ಹೋಗಿ ಬಂದೆ. ಕುರ್ಚಿಯ ಒಂದು ಕಾಲು ಗಿಡ್ಡ, ಅಲ್ಲಾಡುತ್ತದೆ. ನಾಳೆ ಇವರಿಗೆ ಹೇಳಿ ಒಂದು ಚೂರು ಮರ—

ಗುಬ್ಬಿ ಬಂದಳು. ಒಂದು ಶೂ ಮಾತ್ರ ಇದೆ. ಇನ್ನೊಂದು ಎಲ್ಲಿ ಅಂದರೆ ಕೇಳಿಸಿಕೊಳ್ಳುತ್ತಿಲ್ಲ, ಮೈಮೇಲೆ ಹತ್ತುತ್ತಿದ್ದಾಳೆ. ಇವತ್ತು ಮೇಷ್ಟ್ರು ಆ ಅಕ್ಷರ ಕೊಟ್ಟರಂತೆ. ನಿನ್ನಮ್ಮನ ಹೆಸರಲ್ಲ, ನೀನು ಅವಳನ್ನು ಕರೆಯುತ್ತಿದ್ದೆಯಲ್ಲ ಆ ಪದ, ಪೂರ್ತಿ ಬರುತ್ತದೆ ಈಗ, ನೀನು ಬರೆಯಬೇಡ ನಿನಗೆ ಬರಲ್ಲ, ಸರಿ, ಇಲ್ಲೇ, ಈ ಪುಟದಲ್ಲೇ, ಪೆನ್ನು ಕೊಡು ಅಂತ ಕಿತ್ತು